ಶಿಕಾಗೋದಲ್ಲಿ ಮುಚ್ಚಿದ ಕ್ಯಾಥೊಲಿಕ್ ಶಾಲೆಯೊಂದರ ಚರಿತ್ರೆ ಕಟ್ಟುವುದು ಹೇಗೆ

1960ರ ದಶಕದ ನಡುವಿನಲ್ಲಿ ಶಿಕಾಗೋ ಮಹಾಧರ್ಮಪ್ರಾಂತ್ಯದ (ಆರ್ಚ್‌ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಶಾಲೆಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ಇವತ್ತು ಅದರ ಐದನೇ ಒಂದು ಪಾಲೂ ಉಳಿದಿಲ್ಲ. ನೂರಾರು ಶಾಲೆಗಳು ಮುಚ್ಚಿವೆ, ಇಲ್ಲವೇ ಪಕ್ಕದ ಶಾಲೆಯಲ್ಲಿ ಸೇರಿಹೋಗಿವೆ. ಅಂಥ ಒಂದು ಶಾಲೆ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಯಾಕೆ ಮುಚ್ಚಿತು ಎಂದು ದಾಖಲೆ ಹಿಡಿದು ಬರೆಯಬೇಕೆನ್ನುವವರಿಗೆ ಈ ಬರಹ.

ಮೊದಲೇ ಒಂದು ಮಾತು. ಮುಚ್ಚುವಾಗ ಕೊಟ್ಟ ಕಾರಣವನ್ನೇ ಕಾರಣವೆಂದು ಬರೆದುಬಿಡಬೇಡಿ. 'ಮಕ್ಕಳ ಸಂಖ್ಯೆ ಇಳಿಯಿತು, ಖರ್ಚು ಏರಿತು' ಎಂಬ ಸಾಲು ಬಹುಪಾಲು ಎಲ್ಲ ಪ್ರಕಟಣೆಯಲ್ಲೂ ಇರುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಹೆಚ್ಚಿನ ಶಾಲೆಗಳ ಬುಡ ಅಲುಗಾಡಿದ್ದು ಬೀಗ ಬೀಳುವುದಕ್ಕೆ ಹತ್ತಿಪ್ಪತ್ತು ವರ್ಷ ಮೊದಲು. ಆ ವರ್ಷ ಯಾವುದು ಎಂದು ಕಂಡುಹಿಡಿಯುವುದೇ ನಿಮ್ಮ ಮುಖ್ಯ ಕೆಲಸ.

ಶಾಲೆಯನ್ನು ಸರಿಯಾಗಿ ಗುರುತಿಸಿ

ಒಂದೇ ಸಂತರ ಹೆಸರಿನ ಚರ್ಚುಗಳು ಶಿಕಾಗೋದಲ್ಲೂ ಸುತ್ತಲ ಊರುಗಳಲ್ಲೂ ಬೇಕಾದಷ್ಟಿವೆ. ಹಾಗಾಗಿ ಹೆಸರಿನ ಜೊತೆಗೆ ರಸ್ತೆ, ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಭಕ್ತಸಮುದಾಯ) ಕಟ್ಟಿದ ಜನ, ಪಾಠ ಮಾಡಿದ ಸಿಸ್ಟರ್‌ಗಳ ಸಭೆ (ಅವರು ಸೇರಿದ ಸನ್ಯಾಸಿನಿಯರ ಸಂಘ), ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಜರ್ಮನ್, ಪೋಲಿಷ್, ಬೊಹೀಮಿಯನ್ (ಈಗಿನ ಚೆಕ್), ಲಿಥುವೇನಿಯನ್, ಇಟಾಲಿಯನ್, ಐರಿಷ್ ಹೀಗೆ ಒಂದೊಂದು ಜನಕ್ಕೂ ಒಂದೊಂದು ಚರ್ಚು, ಅದಕ್ಕೊಂದು ಶಾಲೆ ಇರುತ್ತಿದ್ದ ನಗರವಿದು. 1867ರಲ್ಲಿ ಪೋಲಿಷ್ ವಲಸಿಗರು ಕಟ್ಟಿದ ಸೇಂಟ್ ಸ್ಟಾನಿಸ್ಲಾಸ್ ಕೋಸ್ಟ್ಕಾ ಮುಂದೆ ಅಮೆರಿಕದ ಅತಿ ದೊಡ್ಡ ಪ್ಯಾರಿಷ್‌ಗಳಲ್ಲಿ ಒಂದಾಯಿತು. ಪಿಲ್ಸನ್ ಬಡಾವಣೆಯ ಸೇಂಟ್ ಪ್ರೊಕೋಪಿಯಸ್ 1875ರಲ್ಲಿ ಬೊಹೀಮಿಯನ್ನರಿಗಾಗಿ ಶುರುವಾಗಿ ಮುಂದೆ ಮೆಕ್ಸಿಕನ್ ಕುಟುಂಬಗಳ ಚರ್ಚಾಯಿತು. ಚರ್ಚು ಅದೇ, ಹೆಸರು ಅದೇ, ಒಳಗಿನ ಜನ ಬೇರೆ. ಈ ಬದಲಾವಣೆ ಯಾವ ದಶಕದಲ್ಲಿ ಆಯಿತು ಎಂದು ಗುರುತಿಸದೆ ಮುಂದೆ ಹೋಗಬೇಡಿ.

ವಿಳಾಸದಲ್ಲಿ ಒಂದು ಗುಂಡಿ ಇದೆ. ಶಿಕಾಗೋ 1909ರಲ್ಲಿ ಮನೆ ನಂಬರುಗಳನ್ನೆಲ್ಲ ಬದಲಿಸಿತು. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವಲ್ಲಿ ಸೊನ್ನೆ ಇಟ್ಟು ಅಲ್ಲಿಂದ ಎಣಿಸತೊಡಗಿದರು. ನಗರದ ನಡುವಿನ ಲೂಪ್ ಪ್ರದೇಶದ ನಂಬರುಗಳು ಬದಲಾದದ್ದು 1911ರಲ್ಲಿ. ಹಳೆಯ ಪತ್ರದಲ್ಲಿ ಕಂಡ ನಂಬರನ್ನು ಇವತ್ತಿನ ನಕ್ಷೆಯಲ್ಲಿ ಹುಡುಕಿದರೆ ಮೈಲಿಗಟ್ಟಲೆ ದೂರದ ಜಾಗ ತೋರಿಸೀತು. ಹಳೆ–ಹೊಸ ನಂಬರುಗಳ ಪಟ್ಟಿ ಅಂತರ್ಜಾಲದಲ್ಲೇ ಸಿಗುತ್ತದೆ, ಮೊದಲು ಅದಕ್ಕೆ ತಾಳೆ ಹಾಕಿ.

ಇನ್ನೊಂದು ಎಚ್ಚರಿಕೆ: ಪೋಲಿಷ್ ನ್ಯಾಷನಲ್ ಕ್ಯಾಥೊಲಿಕ್ ಚರ್ಚು ರೋಮಿನಿಂದ ಬೇರೆಯಾದ ಸಂಸ್ಥೆ. ನಿಮ್ಮ ಶಾಲೆ ಅದರದ್ದಾದರೆ ಅದರ ಕಡತ ಮಹಾಧರ್ಮಪ್ರಾಂತ್ಯದ ದಾಖಲೆ ಕೋಣೆಯಲ್ಲಿ ಎಷ್ಟು ಹುಡುಕಿದರೂ ಸಿಗದು.

ವರ್ಷದ ಡೈರೆಕ್ಟರಿಯಿಂದ ಪಟ್ಟಿ ಮಾಡಿ

ಎಲ್ಲಕ್ಕಿಂತ ಉಪಯುಕ್ತ ಆಕರ ಅಮೆರಿಕದ ಕ್ಯಾಥೊಲಿಕ್ ಡೈರೆಕ್ಟರಿ. ಪ್ರತಿ ವರ್ಷದ ಸಂಚಿಕೆಯಲ್ಲಿ ಪ್ಯಾರಿಷ್‌ವಾರು ಪಾದ್ರಿಗಳ ಹೆಸರು, ಶಾಲೆ ನಡೆಸುವ ಸಿಸ್ಟರ್‌ಗಳ ಸಭೆ, ಶಿಕ್ಷಕರು ಮತ್ತು ಮಕ್ಕಳ ಸಂಖ್ಯೆ ಇರುತ್ತದೆ. ಹಳೆಯ ಸಂಚಿಕೆಗಳು ಇಂಟರ್ನೆಟ್ ಆರ್ಕೈವ್ ಮತ್ತು ಹಾತಿಟ್ರಸ್ಟ್ ಜಾಲತಾಣಗಳಲ್ಲಿವೆ. ಈಚಿನವಕ್ಕೆ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳ ಗ್ರಂಥಾಲಯಕ್ಕೇ ಹೋಗಬೇಕು.

ಹಾಳೆಯಲ್ಲಿ ಐದು ಕಂಬ (ಕಾಲಂ) ಹಾಕಿ: ವರ್ಷ, ಮಕ್ಕಳು, ಸಿಸ್ಟರ್‌ಗಳು, ಸಂಬಳದ ಶಿಕ್ಷಕರು, ಆ ವರ್ಷದ ಜ್ಞಾನಸ್ನಾನಗಳು (ಬ್ಯಾಪ್ಟಿಸಂ, ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ವಿಧಿ). ಕೊನೆಯ ಕಂಬ ಆಮೇಲೆ ತುಂಬುತ್ತದೆ. ಮೊದಲ ಸುತ್ತಿನಲ್ಲಿ ಐದೈದು ವರ್ಷಕ್ಕೊಂದು ಸಂಚಿಕೆ ಸಾಕು. ಸಂಖ್ಯೆ ಜೋರಾಗಿ ಇಳಿದ ಜಾಗ ಕಂಡ ಮೇಲೆ ಅದರ ಹಿಂದುಮುಂದಿನ ಹತ್ತು ವರ್ಷಗಳನ್ನು ಒಂದೂ ಬಿಡದೆ ನೋಡಿ.

ಈ ಡೈರೆಕ್ಟರಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ಯಾರಿಷ್‌ನಿಂದ ಬಂದ ಲೆಕ್ಕವನ್ನೇ ಅಚ್ಚು ಹಾಕುವುದರಿಂದ ಸಂಖ್ಯೆ ಹಿಂದಿನ ಶಾಲಾ ವರ್ಷದ್ದಾಗಿರಬಹುದು. ಮೂರು ವರ್ಷ ಸಾಲಾಗಿ '850' ಎಂದೇ ಇದ್ದರೆ ಯಾರೂ ಎಣಿಸಿಲ್ಲ, ಹಳೆಯದನ್ನೇ ಕಳಿಸಿದ್ದಾರೆ ಎಂದು ತಿಳಿಯಿರಿ. ಸೊನ್ನೆಯಲ್ಲಿ ಮುಗಿಯುವ ದುಂಡು ಸಂಖ್ಯೆಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ಇಡೀ ಮಹಾಧರ್ಮಪ್ರಾಂತ್ಯದ ಒಟ್ಟು ಲೆಕ್ಕದ ಜೊತೆ ಹೋಲಿಸುವಾಗ ಗಡಿ ಬದಲಾದದ್ದು ನೆನಪಿರಲಿ. 1908ರಲ್ಲಿ ರಾಕ್‌ಫರ್ಡ್, 1948ರಲ್ಲಿ ಜೋಲಿಯೆಟ್ ಬೇರೆ ಧರ್ಮಪ್ರಾಂತ್ಯಗಳಾದವು. ಅಲ್ಲಿಂದೀಚೆಗೆ ಶಿಕಾಗೋ ಎಂದರೆ ಕುಕ್ ಮತ್ತು ಲೇಕ್ ಕೌಂಟಿಗಳು ಮಾತ್ರ. ಇದನ್ನು ಮರೆತು 1945 ಮತ್ತು 1950ರ ಒಟ್ಟು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಇಲ್ಲದ ಏರಿಳಿತ ಕಾಣುತ್ತದೆ.

ಸಿಸ್ಟರ್‌ಗಳ ಕಂಬವನ್ನು ಓದುವ ಬಗೆ

ಇಲ್ಲಿ ನಿಧಾನ ಮಾಡಿ. ಕರ್ನಾಟಕದ ಅನುದಾನಿತ ಚರ್ಚ್ ಶಾಲೆಗಳನ್ನು ಬಲ್ಲವರು ಸುಲಭವಾಗಿ ತಪ್ಪುವ ಜಾಗ ಇದು. ನಮ್ಮಲ್ಲಿ ಅನುದಾನಿತ ಶಾಲೆಯ ಶಿಕ್ಷಕರ ಸಂಬಳ ಸರ್ಕಾರದ್ದು. ಅಮೆರಿಕದಲ್ಲಿ ಅದಿಲ್ಲ. ಪೆನ್ಸಿಲ್ವೇನಿಯಾ ಮತ್ತು ರೋಡ್ ಐಲೆಂಡ್ ರಾಜ್ಯಗಳು ಧಾರ್ಮಿಕ ಶಾಲೆಗಳ ಶಿಕ್ಷಕರ ಸಂಬಳಕ್ಕೆ ಹಣ ಕೊಡಲು ಮಾಡಿದ ಕಾನೂನುಗಳನ್ನು ಸುಪ್ರೀಂ ಕೋರ್ಟ್ 1971ರಲ್ಲಿ ತಳ್ಳಿಹಾಕಿತು. ಹಾಗಾದರೆ ಅಷ್ಟು ಸಾವಿರ ಮಕ್ಕಳ ಶಾಲೆಗಳು ನಡೆದದ್ದು ಹೇಗೆ? ಸಿಸ್ಟರ್‌ಗಳ ದುಡಿಮೆಯ ಮೇಲೆ. ಅವರ ಸಭೆಗೆ ಸಲ್ಲುತ್ತಿದ್ದದ್ದು ಒಂದು ಸಣ್ಣ ಮೊತ್ತ, ಜೊತೆಗೆ ಇರಲು ಕಾನ್ವೆಂಟ್. ಇಡೀ ವ್ಯವಸ್ಥೆಯನ್ನು ಹೊತ್ತವರು ಆ ಹೆಂಗಸರು. ಚರ್ಚಿನ ಸ್ಮರಣ ಸಂಚಿಕೆಗಳಲ್ಲಿ ಪಾದ್ರಿಗಳ ಫೋಟೋ ದೊಡ್ಡದಾಗಿ ಇರುತ್ತದೆ, ಸಿಸ್ಟರ್‌ಗಳ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ನಿಮ್ಮ ಬರಹದಲ್ಲಿ ಆ ಅನ್ಯಾಯ ಮುಂದುವರಿಯದಿರಲಿ.

1950ರಲ್ಲಿ ಅಮೆರಿಕದ ಕ್ಯಾಥೊಲಿಕ್ ಶಾಲೆಗಳ ಶಿಕ್ಷಕರಲ್ಲಿ ಸುಮಾರು 90 ಶೇಕಡ ಸಿಸ್ಟರ್‌ಗಳು, ಬ್ರದರ್‌ಗಳು, ಪಾದ್ರಿಗಳು. 1970ರ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ. 1965ರಲ್ಲಿ ದೇಶದಲ್ಲಿ ಸುಮಾರು 1,80,000 ಸಿಸ್ಟರ್‌ಗಳಿದ್ದರು, ಆಮೇಲೆ ಆ ಸಂಖ್ಯೆ ಇಳಿಯುತ್ತಲೇ ಹೋಯಿತು. ಒಂದು ಶಾಲೆಯ ಮಟ್ಟದಲ್ಲಿ ಇದರ ಅರ್ಥವೇನು ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ ನೋಡಿ. 1955ರಲ್ಲಿ 1,200 ಮಕ್ಕಳು, 22 ಸಿಸ್ಟರ್‌ಗಳು, ಸಂಬಳದ ಶಿಕ್ಷಕರು 2 ಎಂದುಕೊಳ್ಳಿ. ತರಗತಿಗೆ 50 ಮಕ್ಕಳು. 600 ಮಕ್ಕಳ ಮೇಲೆ ಒಂದು ಸಂಬಳದ ಹೊರೆ. 1970ರಲ್ಲಿ 600 ಮಕ್ಕಳು, 7 ಸಿಸ್ಟರ್‌ಗಳು, ಸಂಬಳದವರು 13. ತರಗತಿಗೆ 30 ಮಕ್ಕಳು. 46 ಮಕ್ಕಳಿಗೊಂದು ಸಂಬಳ. ಮಕ್ಕಳು ಅರ್ಧವಾದರು, ತಲಾ ಹೊರೆ ಹದಿಮೂರು ಪಟ್ಟಾಯಿತು. ಮೊದಲು ಭಾನುವಾರದ ಕಾಣಿಕೆಯಲ್ಲೇ ಸುಧಾರಿಸುತ್ತಿದ್ದ ಶಾಲೆಗೆ ಈಗ ಫೀಸು ಏರಿಸದೆ ದಾರಿಯಿಲ್ಲ. ಫೀಸು ಏರಿದ ಕೂಡಲೇ ಬಡ ಕುಟುಂಬಗಳು ಬಿಟ್ಟುಹೋಗುತ್ತವೆ. ನಿಮ್ಮ ಪಟ್ಟಿಯಲ್ಲಿ ಸಂಬಳದ ಶಿಕ್ಷಕರು ಸಿಸ್ಟರ್‌ಗಳನ್ನು ಮೀರಿದ ವರ್ಷಕ್ಕೆ ಕೆಂಪು ಗೆರೆ ಎಳೆಯಿರಿ.

ಜ್ಞಾನಸ್ನಾನದ ಕಂಬ

ಮಕ್ಕಳೇ ಕಡಿಮೆಯಾದರೋ, ಇದ್ದ ಮಕ್ಕಳು ಬೇರೆ ಶಾಲೆಗೆ ಹೋದರೋ? ಈ ಎರಡನ್ನು ಬೇರ್ಪಡಿಸಲು ಜ್ಞಾನಸ್ನಾನದ ಪುಸ್ತಕ ಬೇಕು. ಒಂದು ವರ್ಷದ ಜ್ಞಾನಸ್ನಾನಗಳ ಸಂಖ್ಯೆಯನ್ನು ಆರು ವರ್ಷದ ನಂತರದ ಒಂದನೇ ತರಗತಿಯ ಸಂಖ್ಯೆಯ ಎದುರು ಇಡಿ. ಎರಡೂ ಒಟ್ಟಿಗೆ ಇಳಿದಿದ್ದರೆ ಕುಟುಂಬಗಳು ಬಡಾವಣೆ ಬಿಟ್ಟಿವೆ, ಇಲ್ಲವೇ ಹೆರಿಗೆ ಕಡಿಮೆಯಾಗಿದೆ. ಜ್ಞಾನಸ್ನಾನ ಇದ್ದಷ್ಟೇ ಇದ್ದು ತರಗತಿ ಮಾತ್ರ ಖಾಲಿಯಾಗಿದ್ದರೆ ಫೀಸಿನ ಕಡೆ, ಪಕ್ಕದ ಸರ್ಕಾರಿ ಶಾಲೆಯ ಕಡೆ ನೋಡಿ; 1990ರ ದಶಕದ ಕೊನೆಯಿಂದೀಚೆಗಾದರೆ ಚಾರ್ಟರ್ ಶಾಲೆಗಳ (ಸರ್ಕಾರದ ಹಣದಲ್ಲಿ ಬೇರೆ ಸಂಸ್ಥೆಗಳು ನಡೆಸುವ ಶಾಲೆಗಳು) ಕಡೆಯೂ ನೋಡಬೇಕು.

ಈ ಹೋಲಿಕೆ ಕೈಕೊಡುವ ಕಡೆಯೂ ಇದೆ. ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಬಿಳಿಯರು ಉಪನಗರಗಳಿಗೆ ಹೋದ ಮೇಲೆ ಬಂದ ಕಪ್ಪು ಕುಟುಂಬಗಳಲ್ಲಿ ಕ್ಯಾಥೊಲಿಕರಲ್ಲದವರೇ ಬಹಳ. ಆದರೂ ಮಕ್ಕಳನ್ನು ಈ ಶಾಲೆಗಳಿಗೆ ಸೇರಿಸಿದರು. ಅಲ್ಲಿ ಜ್ಞಾನಸ್ನಾನಗಳು ಪಾತಾಳಕ್ಕೆ ಇಳಿದರೂ ಶಾಲೆ ತುಂಬಿರುತ್ತದೆ. ಅದಕ್ಕಿಂತ ಹಿಂದಿನ ಕಥೆಯನ್ನೂ ಬಿಡಬೇಡಿ: 1917ರಲ್ಲಿ ಶಿಕಾಗೋದ ಆರ್ಚ್‌ಬಿಷಪ್ ಮಂಡಲೈನ್ ಸೇಂಟ್ ಮೋನಿಕಾ ಪ್ಯಾರಿಷನ್ನು ಕಪ್ಪು ಕ್ಯಾಥೊಲಿಕರಿಗೆಂದೇ ಗೊತ್ತುಮಾಡಿದರು. ಯಾರನ್ನು ಯಾವ ಶಾಲೆಗೆ ಸೇರಿಸಿಕೊಂಡರು, ಯಾರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದರು ಎಂಬುದನ್ನು ಬಿಟ್ಟು ಶಿಕಾಗೋದ ಶಾಲೆಗಳ ಚರಿತ್ರೆ ಬರೆಯಲಾಗದು.

ಹಳೆಯ ಜ್ಞಾನಸ್ನಾನದ ಪುಸ್ತಕಗಳ ಪ್ರತಿ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿವೆ. ಬರಹ ಲ್ಯಾಟಿನ್. ಹೆಸರುಗಳೂ ಲ್ಯಾಟಿನ್ ರೂಪದಲ್ಲೇ. ಶಾಲೆಯ ಹಾಜರಿಯಲ್ಲಿ 'ವೊಯ್‌ಚೆಹ್' ಎಂದಿರುವ ಪೋಲಿಷ್ ಹುಡುಗ ಇಲ್ಲಿ 'ಅಡಾಲ್ಬರ್ಟುಸ್' ಆಗಿರುತ್ತಾನೆ, ಮುಂದೆ ಕೆಲಸಕ್ಕೆ ಸೇರಿದಾಗ 'ಆಲ್ಬರ್ಟ್' ಅಥವಾ 'ಜಾರ್ಜ್'. ಮೂವರೂ ಒಬ್ಬನೇ.

ಮುಖ್ಯ ಇಸವಿಗಳು

ಪಟ್ಟಿಯ ಅಂಚಿನಲ್ಲಿ ಇವನ್ನು ಗುರುತಿಸಿಡಿ. 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಬಿಷಪ್ಪರ ಮೂರನೇ ಮಹಾಸಭೆ, ಎರಡು ವರ್ಷದೊಳಗೆ ಪ್ರತಿ ಚರ್ಚಿನ ಬಳಿ ಶಾಲೆ ಕಟ್ಟಬೇಕೆಂದು ಆದೇಶಿಸಿತು. 1889ರಲ್ಲಿ ಇಲಿನಾಯ್ ರಾಜ್ಯ ಇಂಗ್ಲಿಷ್‌ನಲ್ಲೇ ಪಾಠ ಆಗಬೇಕೆಂಬ ಕಾನೂನು ತಂದಿತು. ಜರ್ಮನ್ ಲೂಥರನ್ನರೂ ಕ್ಯಾಥೊಲಿಕರೂ ಒಟ್ಟಾಗಿ ಎದುರು ನಿಂತರು. 1893ರಲ್ಲಿ ಅದು ರದ್ದಾಯಿತು. ರಾಜ್ಯಕ್ಕೆ ಆಗದ್ದನ್ನು ಚರ್ಚೇ ಮಾಡಿತು: 1916ರಲ್ಲಿ ಮಂಡಲೈನ್ ತಮ್ಮ ಶಾಲೆಗಳ ಮುಖ್ಯ ಪಾಠಗಳೆಲ್ಲ ಇಂಗ್ಲಿಷ್‌ನಲ್ಲಿ ನಡೆಯಬೇಕೆಂದರು. ನಿಮ್ಮ ಶಾಲೆ ಪೋಲಿಷ್ ಅಥವಾ ಲಿಥುವೇನಿಯನ್ ಆಗಿದ್ದರೆ ಈ ಆದೇಶಕ್ಕೆ ಅಲ್ಲಿ ಏನು ಪ್ರತಿಕ್ರಿಯೆ ಬಂತೆಂದು ಆ ಭಾಷೆಯ ಪತ್ರಿಕೆಗಳಲ್ಲಿ ಹುಡುಕಿ.

1958ರ ಡಿಸೆಂಬರ್ 1. ಶಿಕಾಗೋದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಶಾಲೆಗೆ ಬೆಂಕಿ ಬಿದ್ದು 92 ಮಕ್ಕಳು, ಮೂವರು ಸಿಸ್ಟರ್‌ಗಳು ಸತ್ತರು. ಸುಮಾರು 1,600 ಮಕ್ಕಳಿದ್ದ ಶಾಲೆ, ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಹೊಸ ಸುರಕ್ಷತಾ ನಿಯಮದಿಂದ ಹಳೆ ಕಟ್ಟಡಗಳಿಗೆ ವಿನಾಯಿತಿ ಇತ್ತು. ಈ ದುರಂತದ ನಂತರ ದೇಶದ ಎಲ್ಲೆಡೆ ಹಳೆ ಶಾಲೆಗಳ ಮೆಟ್ಟಿಲು, ಬಾಗಿಲು, ಅಲಾರಂ ಬದಲಾದವು. ನಿಮ್ಮ ಪ್ಯಾರಿಷ್‌ನ 1959–60ರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಕಟ್ಟಡ ಖರ್ಚು ಕಂಡರೆ ಮೊದಲು ಇದನ್ನು ಶಂಕಿಸಿ.

ಕಟ್ಟಡ, ಕಾನ್ವೆಂಟ್

ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿರುವ ಸ್ಯಾನ್‌ಬಾರ್ನ್ ಅಗ್ನಿವಿಮಾ ನಕ್ಷೆಗಳಲ್ಲಿ ಗುಲಾಬಿ ಬಣ್ಣವೆಂದರೆ ಇಟ್ಟಿಗೆ, ಹಳದಿಯೆಂದರೆ ಮರ. ಎಷ್ಟು ಮಹಡಿ ಎಂಬುದೂ ಬರೆದಿರುತ್ತದೆ. ಎಷ್ಟೋ ಪ್ಯಾರಿಷ್‌ಗಳು ಮೊದಲು ಒಂದೇ ಕಟ್ಟಡ ಕಟ್ಟಿ ಒಂದು ಮಹಡಿಯಲ್ಲಿ ಪೂಜೆ, ಇನ್ನೊಂದರಲ್ಲಿ ಪಾಠ ನಡೆಸುತ್ತಿದ್ದವು. ಹಾಗಾಗಿ ನಕ್ಷೆಯಲ್ಲಿ 'ಚರ್ಚ್' ಎಂದು ಮಾತ್ರ ಇದ್ದರೆ ಶಾಲೆ ಇರಲಿಲ್ಲವೆಂದು ತೀರ್ಮಾನಿಸಬೇಡಿ.

ಸಿಸ್ಟರ್‌ಗಳ ಹೆಸರಿಗೆ ಜನಗಣತಿಯ ಹಾಳೆಗಳು ಬೇಕು. 72 ವರ್ಷ ಕಳೆದ ಮೇಲೆ ಅವು ಬಯಲಾಗುತ್ತವೆ, 1950ರದ್ದು 2022ರಲ್ಲಿ ಬಂತು. ಕಾನ್ವೆಂಟಿನ ವಿಳಾಸದಲ್ಲಿ ಒಬ್ಬೊಬ್ಬ ಸಿಸ್ಟರ್ ವಯಸ್ಸು, ಹುಟ್ಟಿದ ಊರು, ಉದ್ಯೋಗ ಸಾಲಾಗಿ ಸಿಗುತ್ತವೆ. ಇಪ್ಪತ್ತೆರಡರ ತರುಣಿ ಒಬ್ಬಳೇ ಐವತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದಳೆಂಬುದು ಈ ಹಾಳೆಯನ್ನು ಡೈರೆಕ್ಟರಿಯ ಪಕ್ಕ ಇಟ್ಟಾಗಲೇ ಅರಿವಿಗೆ ಬರುವುದು. 1890ರ ಹಾಳೆಗಳು ಮಾತ್ರ ಬಹುಪಾಲು ಬೆಂಕಿಯಲ್ಲಿ ನಾಶವಾಗಿವೆ, ಅವನ್ನು ಹುಡುಕಿ ದಣಿಯಬೇಡಿ.

ಇನ್ನೂ ಒಳಗಿನ ವಿವರ ಸಿಗುವುದು ಸಿಸ್ಟರ್‌ಗಳ ಸಭೆಯ ಕೇಂದ್ರ ಮನೆಯಲ್ಲಿ. ಕಾನ್ವೆಂಟಿನ ದಿನಚರಿ ಪುಸ್ತಕಗಳು ಅಲ್ಲಿರುತ್ತವೆ, ಅದು ಶಿಕಾಗೋದಲ್ಲೇ ಇರಬೇಕೆಂದಿಲ್ಲ. ಬಿವಿಎಂ (ಸಿಸ್ಟರ್ಸ್ ಆಫ್ ಚಾರಿಟಿ ಆಫ್ ದಿ ಬ್ಲೆಸ್ಡ್ ವರ್ಜಿನ್ ಮೇರಿ) ಸಭೆಯ ಕೇಂದ್ರ ಮನೆ ಅಯೋವಾದ ಡುಬ್ಯೂಕ್‌ನಲ್ಲಿ, ಸಿನ್ಸಿನಾವಾ ಡೊಮಿನಿಕನ್ ಸಿಸ್ಟರ್‌ಗಳದ್ದು ವಿಸ್ಕಾನ್ಸಿನ್‌ನಲ್ಲಿ. ಸಭೆಗಳಲ್ಲಿ ಈಗ ವಯಸ್ಸಾದವರೇ ಹೆಚ್ಚು. ಕೆಲವು ಸಭೆಗಳು ದಾಖಲೆಗಳನ್ನು ವಿಶ್ವವಿದ್ಯಾಲಯಗಳಿಗೆ ಒಪ್ಪಿಸುತ್ತಿವೆ. ಈ ಪತ್ರವನ್ನು ಕೊನೆಗೆ ಬರೆಯೋಣ ಎಂದು ತಡಮಾಡಬೇಡಿ. ಶಾಲೆಯ ಹೆಸರು, ಇಸವಿಗಳು, ನಿಮಗೆ ಬೇಕಾದದ್ದು ಇಷ್ಟನ್ನು ಒಂದು ಪುಟದಲ್ಲಿ ಬರೆದು ಮೊದಲ ವಾರವೇ ಕಳಿಸಿ.

ಹಳೆ ವಿದ್ಯಾರ್ಥಿಗೆ ಅಂಕಪಟ್ಟಿ ಬೇಕಾದರೆ

ಪ್ಯಾರಿಷ್ ಶಾಲೆ ಮುಚ್ಚಿದ್ದರೆ ಕಾರ್ಡಿನಲ್ ಬರ್ನಾರ್ಡಿನ್ ಹೆಸರಿನ ಮಹಾಧರ್ಮಪ್ರಾಂತ್ಯದ ದಾಖಲೆ ಕೇಂದ್ರಕ್ಕೆ ಬರೆಯಬೇಕು. ಶಾಲೆಗೆ ಸೇರಿದಾಗಿನ ಪೂರ್ತಿ ಹೆಸರು (ಮದುವೆಯ ನಂತರದ ಹೆಸರಲ್ಲ), ಹುಟ್ಟಿದ ದಿನ, ಶಾಲೆಯ ಹೆಸರು ಮತ್ತು ರಸ್ತೆ, ಬಿಟ್ಟ ವರ್ಷ, ಗುರುತಿನ ಚೀಟಿಯ ಪ್ರತಿ, ಸಹಿ ಇರಲಿ. ಇದು ಖಾಸಗಿ ದಾಖಲೆ, ಬದುಕಿರುವವರ ಅಂಕಗಳನ್ನು ಚರಿತ್ರೆ ಬರೆಯುವವರಿಗೆ ಕೊಡುವುದಿಲ್ಲ, ಕೇಳಲೂ ಬಾರದು. ಶಾಲೆ ಇನ್ನೊಂದರಲ್ಲಿ ಸೇರಿಹೋಗಿದ್ದರೆ ಕಡತ ಆ ಹೊಸ ಶಾಲೆಯಲ್ಲೇ ಇರಬಹುದು, ಮೊದಲು ಅಲ್ಲಿ ವಿಚಾರಿಸಿ.

ಹೈಸ್ಕೂಲಿನ ಮಾತು ಬೇರೆ. ಅವುಗಳಲ್ಲಿ ಹಲವು ಮಹಾಧರ್ಮಪ್ರಾಂತ್ಯದ್ದಲ್ಲ, ಜೆಸ್ವಿಟ್, ಮರ್ಸಿ, ಅಗಸ್ಟೀನಿಯನ್ ಮುಂತಾದ ಸಭೆಗಳ ಸ್ವಂತ ಸಂಸ್ಥೆಗಳು. 1988ರಲ್ಲಿ ಮುಚ್ಚಿದ ಮೆಂಡೆಲ್ ಹೈಸ್ಕೂಲು ಅಗಸ್ಟೀನಿಯನ್ನರದ್ದಾಗಿತ್ತು. ಅಂಥ ಶಾಲೆಗೆ ಅರ್ಜಿ ಹಾಕುವ ಮೊದಲು ಒಡೆತನ ಯಾರದ್ದೆಂದು ಡೈರೆಕ್ಟರಿಯಲ್ಲಿ ನೋಡಿಕೊಂಡು ವಿಳಾಸ ಬರೆಯಿರಿ.