ಥಾಯ್ಲೆಂಡಿಗೆ ಹೊರಟ ಪಿಂಚಣಿದಾರರೇ, ಮೊದಲು ಬ್ಯಾಂಕಿಗೆ ಹೋಗಿ ಬನ್ನಿ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವ ನಿವೃತ್ತರ ಮಾತಿನಲ್ಲಿ ಈಗ ಮಂಡಿನೋವು, ಮೊಮ್ಮಕ್ಕಳ ಜೊತೆಗೆ ಥಾಯ್ಲೆಂಡೂ ಸೇರಿಕೊಂಡಿದೆ. ಬಾಡಿಗೆ ಕೈಗೆಟುಕುತ್ತದೆ, ಆಸ್ಪತ್ರೆ ಚೆನ್ನಾಗಿವೆ, ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಬ್ಯಾಂಕಾಕ್. ಹೋಗಿ, ಯಾರು ಬೇಡ ಅಂದರು? ಆದರೆ ಹೋಗಿ ಪೇಚಿಗೆ ಸಿಕ್ಕಿದವರನ್ನು ನಾನು ಕಂಡಿದ್ದೇನೆ. ಹೆಚ್ಚಿನವರಿಗೆ ಕೈಕೊಟ್ಟದ್ದು ಇಲ್ಲಿ, ಮೈಸೂರಿನಲ್ಲೇ ಮುಗಿಸಬೇಕಿದ್ದ ಕೆಲಸ.

ಹಂತ 1: ಸೆಖೆಯಲ್ಲಿ ಹೋಗಿ ಇದ್ದು ಬನ್ನಿ

ಪ್ರವಾಸಿಗಳಾಗಿ ಕೆಲವು ವಾರ ಇದ್ದು ನೋಡಿ. ಡಿಸೆಂಬರ್ ಬೇಡ, ಆಗ ಎಲ್ಲ ಊರೂ ಚೆಂದವೇ. ಏಪ್ರಿಲ್‌ನಲ್ಲಿ ಹೋಗಿ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೇಸಿಗೆಯನ್ನು ಫ್ಯಾನಿನಲ್ಲೇ ಕಳೆದುಬಿಡುತ್ತೇವೆ. ಬ್ಯಾಂಕಾಕಿನಲ್ಲಿ ರಾತ್ರಿಯೂ ಬೆವರು ಆರುವುದಿಲ್ಲ, ಏಸಿಯ ಕರೆಂಟ್ ಬಿಲ್ಲನ್ನು ಬಾಡಿಗೆಯ ಜೊತೆಗೇ ಲೆಕ್ಕ ಹಾಕಿ. ಬೆಟ್ಟದ ಊರು, ತಂಪು ಎಂದು ಚಿಯಾಂಗ್ ಮಾಯ್‌ಗೆ ಹೋಗುವವರು ಕೇಳಿ: ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡುಗಳಿಗೆ ಬೀಳುವ ಬೆಂಕಿಯ ಹೊಗೆ ಆ ಕಣಿವೆಯಲ್ಲಿ ಕದಲದೆ ನಿಲ್ಲುತ್ತದೆ. ಉಬ್ಬಸ ಇರುವವರು ಆ ಕಡೆ ತಲೆ ಹಾಕಬೇಡಿ. ನನ್ನನ್ನು ಕೇಳಿದರೆ ಹುವಾ ಹಿನ್. ಕಡಲ ದಡ, ಗದ್ದಲ ಕಡಿಮೆ, ಬ್ಯಾಂಕಾಕಿನ ದೊಡ್ಡ ಆಸ್ಪತ್ರೆಗಳಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆ. ಪಟ್ಟಾಯದಲ್ಲಿ ನಮ್ಮ ಊಟ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದು ರಾತ್ರಿ ಒಂಬತ್ತಕ್ಕೆ ಮಲಗುವವರ ಊರಲ್ಲ.

ಹಂತ 2: ಎಲ್ಲ ಕಾಗದದಲ್ಲೂ ಒಂದೇ ಹೆಸರು

ಮೈಸೂರು, ಮಂಡ್ಯದವರಿಗೆ ಇದು ಹಳೆಯ ರೋಗ. ಪಿಂಚಣಿ ಆದೇಶಪತ್ರದಲ್ಲಿ (ಪಿಪಿಒ) ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದದ್ದು, ಪ್ಯಾನ್‌ನಲ್ಲಿ ಅದೇ ಹಿಂದುಮುಂದು, ಆಧಾರ್‌ನಲ್ಲಿ ಗೌಡ ಬೇರೆ, ಅಪ್ಪನ ಹೆಸರು ಬೇರೆ. ಪಾಸ್‌ಪೋರ್ಟಿನಲ್ಲಿ ಇರುವುದನ್ನೇ ಮೂಲ ಎಂದಿಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ತಿದ್ದಿಸಿ. ಈ ಎಲ್ಲ ಹೆಸರಿನವರೂ ಒಬ್ಬರೇ ಎಂದು ನೋಟರಿ ಹತ್ತಿರ ಮಾಡಿಸುವ ಅಫಿಡವಿಟ್ಟು ತಾಲ್ಲೂಕು ಕಚೇರಿಯಲ್ಲಿ ನಡೆದೀತು, ವೀಸಾ ಅರ್ಜಿಗೆ ಅದನ್ನು ನೆಚ್ಚಬೇಡಿ.

ಹಂತ 3: ವೀಸಾ

ನಿವೃತ್ತರಿಗೆ ಇರುವುದು ನಾನ್-ಇಮಿಗ್ರಂಟ್ ಒ-ಎ ವೀಸಾ. ವಯಸ್ಸು 50 ತುಂಬಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್‌ನಷ್ಟು ಹಣ, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ನಮ್ಮ ಪಿಂಚಣಿಯಲ್ಲಿ ಎರಡನೆಯದು ಕಷ್ಟ. ಮೊದಲನೆಯದಕ್ಕೆ 20 ಲಕ್ಷ ರೂಪಾಯಿಯ ಮೇಲೆ ಬೇಕಾಗುತ್ತದೆ. ಜೊತೆಗೆ ವೈದ್ಯಕೀಯ ಪ್ರಮಾಣಪತ್ರ, 30 ಲಕ್ಷ ಬಾತ್‌ನ ಆರೋಗ್ಯ ವಿಮೆ, ಪೊಲೀಸ್ ಕ್ಲಿಯರೆನ್ಸ್. ಈ ಕೊನೆಯದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, ಮೈಸೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲೇ ಅರ್ಜಿ ಹಾಕಬಹುದು. ಅರ್ಜಿಯೆಲ್ಲ ಆನ್‌ಲೈನ್. ಏಜೆಂಟಿಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣದು.

ವಿಮೆಯ ಬಗ್ಗೆ ಒಂದು ಮಾತು. ಇಲ್ಲಿಯ ಸಾಮಾನ್ಯ ಮೆಡಿಕ್ಲೇಮ್ ಅಲ್ಲಿ ನಡೆಯುವುದಿಲ್ಲ. ಪ್ರವಾಸಿಗರಿಗೆ ಮಾರುವ ಅಗ್ಗದ ಟ್ರಾವೆಲ್ ಪಾಲಿಸಿಗಳನ್ನು ಇದಕ್ಕೇ ಸಾಕು ಎಂದು ತಲೆಗೆ ಕಟ್ಟುವವರಿದ್ದಾರೆ. ಹಳೆಯ ಕಾಯಿಲೆಗಳಿಗೆ ಅವು ಸಾಮಾನ್ಯವಾಗಿ ಕಾಸು ಬಿಚ್ಚುವುದಿಲ್ಲ. ಎಪ್ಪತ್ತು ದಾಟಿದ ಮೇಲೆ ಪ್ರೀಮಿಯಂ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಹೋಗುವುದೇ ಆದರೆ ಅರವತ್ತರ ಆಸುಪಾಸಿನಲ್ಲೇ ಹೋಗಿ.

ಹಂತ 4: ಬ್ಯಾಂಕು, ಸಿಮ್ಮು, ಪಿಂಚಣಿ

ಜನ ಎಡವುವುದು ಇಲ್ಲಿ. ಈ ಒಂದು ಹಂತಕ್ಕೇ ಎರಡು ತಿಂಗಳು ಕೊಡಿ.

ವಿದೇಶದಲ್ಲಿ ನೆಲೆಸಲೆಂದು ಹೊರಟರೆ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಆಗಿನಿಂದಲೇ ನೀವು ಅನಿವಾಸಿ. ಆದಾಯ ತೆರಿಗೆಯವರ ಲೆಕ್ಕವೇ ಬೇರೆ, ಅವರು ಆರ್ಥಿಕ ವರ್ಷದಲ್ಲಿ ಇಲ್ಲಿದ್ದ ದಿನ ಎಣಿಸುತ್ತಾರೆ, ಸಾಮಾನ್ಯವಾಗಿ 182 ದಿನದ ಗೆರೆ. ಈ ಎರಡನ್ನೂ ಕಲಸಿಕೊಂಡು, ವರ್ಷ ಕಳೆಯಲಿ ನೋಡೋಣ ಎಂದು ಉಳಿತಾಯ ಖಾತೆಯನ್ನು ಹಾಗೇ ಬಿಟ್ಟು ಹೋಗುವವರೇ ಹೆಚ್ಚು. ಬಿಡಬೇಡಿ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳು ಇಲ್ಲಿಯ ಆದಾಯಕ್ಕೆಂದು ಇಡುವ ಖಾತೆಯಾಗಿ, ಬದಲಾಯಿಸಿಕೊಳ್ಳಿ. ಪಿಂಚಣಿ, ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲ ಅದಕ್ಕೇ ಬರಬಹುದು. ಇಲ್ಲೇ ಇರುವ ಮಗನನ್ನೋ ಮಗಳನ್ನೋ ಜಂಟಿಯಾಗಿ ಸೇರಿಸುವುದಿದ್ದರೆ ಅದೂ ಆಗಲೇ ಆಗಲಿ.

ಅನಿವಾಸಿಯ ಬಡ್ಡಿಯಲ್ಲಿ ಬ್ಯಾಂಕು ಶೇ 30ಕ್ಕಿಂತ ಹೆಚ್ಚು ತೆರಿಗೆಯನ್ನು ಮೊದಲೇ ಮುರಿದುಕೊಳ್ಳುತ್ತದೆ (ಟಿಡಿಎಸ್). ಪ್ರತಿ ಏಪ್ರಿಲ್‌ನಲ್ಲಿ, ಬಡ್ಡಿಗೆ ತೆರಿಗೆ ಹಿಡಿಯಬೇಡಿ ಎಂಬ ಘೋಷಣೆ ಬರೆದುಕೊಡುವ ಅಭ್ಯಾಸ ನಮಗೆಲ್ಲ ಕೈಗೆ ಹತ್ತಿಬಿಟ್ಟಿದೆ. ಅನಿವಾಸಿಗಳಿಗೆ ಆ ಸೌಲಭ್ಯವಿಲ್ಲ, ಮರೆತು ಕೊಟ್ಟರೆ ಸುಳ್ಳು ಘೋಷಣೆಯಾಗುತ್ತದೆ. ಹೆಚ್ಚಿಗೆ ಹಿಡಿದದ್ದನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು, ಆದ್ದರಿಂದ ಆಡಿಟರ್ ಒಬ್ಬರು ಬೇಕೇ ಬೇಕು. ಅಲ್ಲಿಯ ತೆರಿಗೆಯನ್ನೂ ಅವರ ಹತ್ತಿರವೇ ಕೇಳಿ: ಒಂದು ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿದ್ದರೆ, ಹೊರಗಿನಿಂದ ತರಿಸಿಕೊಂಡ ಆದಾಯವನ್ನು 2024ರಿಂದ ಅವರೂ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡು ಕಡೆ ತೆರಿಗೆ ಬೀಳದಂತೆ ಒಪ್ಪಂದವಿದೆ, ಅದನ್ನು ಬಳಸಿಕೊಳ್ಳುವುದು ಗೊತ್ತಿರಬೇಕು.

ಹಣ ಕಳಿಸುವುದು. ನಿವಾಸಿಯಾಗಿರುವಾಗ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು, ಆದರೆ ಇಂಥ ಖರ್ಚಿಗೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ 20 ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ. ಅದು ತೆರಿಗೆ ಲೆಕ್ಕದಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಮಾರ್ಚ್‌ನಲ್ಲಿ ಒಂದು ಕಂತು, ಏಪ್ರಿಲ್‌ನಲ್ಲಿ ಇನ್ನೊಂದು ಕಳಿಸಿದರೆ ಎರಡು ವರ್ಷದ ಮಿತಿ ಸಿಗುತ್ತದೆ. ಈ ಕೆಲಸವನ್ನು ಹೊರಡುವ ಮೊದಲೇ ಮುಗಿಸಿ.

ಇನ್ನು ಸಿಮ್ಮು. ಬ್ಯಾಂಕು, ಆಧಾರ್, ತೆರಿಗೆ ಪೋರ್ಟಲ್, ಎಲ್ಲದರ ಒಟಿಪಿ ಬರುವುದು ಆ ಒಂದು ನಂಬರಿಗೆ. 90 ದಿನ ಬಳಸದೆ, ಬ್ಯಾಲೆನ್ಸೂ ಇಲ್ಲದೆ ಬಿದ್ದಿದ್ದ ಪ್ರೀಪೇಯ್ಡ್ ಸಿಮ್ ಕಡಿತವಾಗಿ, ಆ ನಂಬರು ಕೊನೆಗೆ ಇನ್ಯಾರ ಪಾಲೋ ಆಗುತ್ತದೆ. ಅಲ್ಲಿ ಕೂತು ಬ್ಯಾಂಕಿಗೆ ಫೋನ್ ಮಾಡಿದರೆ, ಬ್ರಾಂಚಿಗೆ ಬನ್ನಿ ಅನ್ನುತ್ತಾರೆ. ಒಟಿಪಿಗಾಗಿಯೇ ವಿಮಾನ ಹತ್ತಿ ಬಂದವರನ್ನು ನೋಡಿದ್ದೇನೆ. ಹೊರಡುವ ಮುಂಚೆ ರೋಮಿಂಗ್ ಇಲ್ಲೇ ಆನ್ ಮಾಡಿಸಿ, ಹಂತ 1ರ ಪ್ರವಾಸದಲ್ಲೇ ಒಟಿಪಿ ಬರುತ್ತದೋ ಇಲ್ಲವೋ ನೋಡಿಕೊಳ್ಳಿ. ಸಣ್ಣದೊಂದು ಪೋಸ್ಟ್‌ಪೇಯ್ಡ್ ಪ್ಲಾನ್ ನನ್ನ ಆಯ್ಕೆ, ಬಿಲ್ಲು ಖಾತೆಯಿಂದ ತಾನಾಗಿ ಕಟ್ಟಿಹೋಗುತ್ತದೆ. ಸಿಮ್ಮನ್ನು ಮಗನ ಫೋನಿಗೆ ಹಾಕಿ, ಬಂದ ಒಟಿಪಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸು ಅನ್ನುವ ಅಡ್ಡದಾರಿ ಬೇಡ. ಅವನು ಮೀಟಿಂಗಿನಲ್ಲಿರುತ್ತಾನೆ.

ನವೆಂಬರ್‌ನ ಜೀವಂತ ಪ್ರಮಾಣಪತ್ರ ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಅದನ್ನು ಮಾಡಿಸಬಹುದು. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಕೊಡಬಹುದು. ನಿಮ್ಮ ಖಜಾನೆಯವರು, ಬ್ಯಾಂಕಿನವರು ಯಾವುದನ್ನು ಒಪ್ಪುತ್ತಾರೆ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ, ಬಾಯಿಮಾತಲ್ಲಿ ಬೇಡ, ಬರೆಸಿಕೊಳ್ಳಿ.

ಹಂತ 5: ಮನೆ, ಜಮೀನು

ಮೈಸೂರಿನ ಮನೆ ಮಾರಬೇಡಿ. ಮೊದಲ ಎರಡು ವರ್ಷ ಅಂತೂ ಬೇಡವೇ ಬೇಡ. ಮಂಡ್ಯದ ಕಡೆ ಗದ್ದೆ ಇದ್ದರೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಅನಿವಾಸಿಯಾದ ಮೇಲೆ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ ಅಷ್ಟೆ. ನಿಮ್ಮ ಪರವಾಗಿ ವ್ಯವಹಾರ ನೋಡಿಕೊಳ್ಳಲು ಯಾರಿಗಾದರೂ ಅಧಿಕಾರಪತ್ರ (ಜಿಪಿಎ) ಕೊಡುವುದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೇ ಮಾಡಿಸಿ. ಅಲ್ಲಿಂದ ಮಾಡಿದರೆ ರಾಯಭಾರ ಕಚೇರಿಯ ಮುದ್ರೆ ಒತ್ತಿಸಿ ಕಳಿಸಬೇಕು, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಬೇಕು. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು ಟಿಡಿಎಸ್ ಹಿಡಿಯಬೇಕೆಂಬುದು ಬಾಡಿಗೆದಾರರಿಗೆ ಗೊತ್ತೇ ಇರುವುದಿಲ್ಲ, ಕರಾರಿನಲ್ಲೇ ಬರೆಸಿ.

ಅಲ್ಲಿ ಮನೆ ಬಾಡಿಗೆಗೆ ಹಿಡಿಯಿರಿ. ವಿದೇಶಿಯರಿಗೆ ಥಾಯ್ಲೆಂಡಿನಲ್ಲಿ ಭೂಮಿಯ ಒಡೆತನವಿಲ್ಲ. ಅಪಾರ್ಟ್‌ಮೆಂಟ್ ಕೊಳ್ಳಬಹುದು, ಅದೂ ಒಂದು ಕಟ್ಟಡದಲ್ಲಿ ವಿದೇಶಿಯರ ಒಟ್ಟು ಪಾಲು ಶೇ 49 ಮೀರದಂತೆ. ಕಂಪನಿ ಹೆಸರಲ್ಲಿ ಜಾಗ ಕೊಡಿಸುತ್ತೇನೆ ಎನ್ನುವವರಿಗೆ ದೂರದಿಂದಲೇ ಕೈ ಮುಗಿಯಿರಿ.

ಹಂತ 6: ಇಳಿದ ಮೇಲೆ

ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳಂಥ ನಿಯಂತ್ರಿತ ಔಷಧಿ ಒಂದು ತಿಂಗಳಿಗಿಂತ ಹೆಚ್ಚು ಒಯ್ಯಬೇಡಿ, ವೈದ್ಯರ ಚೀಟಿ ಜೊತೆಗಿರಲಿ. ಸ್ಕೂಟರ್ ಓಡಿಸುವವರು ಮೈಸೂರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತುತ್ತಾರೆ. ಸಸ್ಯಾಹಾರಿಗಳು ಬರೀ ಮಾಂಸ ಬೇಡ ಎಂದರೆ ಸಾಲದು, ತರಕಾರಿ ಪಲ್ಯದಲ್ಲೂ ಮೀನಿನ ಸಾಸ್ ಇರುತ್ತದೆ. ‘ಜೇ’ (ಅವರ ಶುದ್ಧ ಸಸ್ಯಾಹಾರ) ಎಂದು ಕೇಳಿ, ಹಳದಿ ಬಾವುಟದ ಅಂಗಡಿ ಹುಡುಕಿ. ಬೇಳೆ, ಸಾರಿನ ಸಾಮಾನು ಬ್ಯಾಂಕಾಕಿನ ಪಾಹುರತ್ ಪೇಟೆಯಲ್ಲಿ ಸಿಗುತ್ತದೆ.

90 ದಿನಕ್ಕೊಮ್ಮೆ ಅಲ್ಲಿಯ ವಲಸೆ ಇಲಾಖೆಗೆ ವಿಳಾಸ ವರದಿ ಮಾಡಬೇಕು, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ವಾಸದ ಅವಧಿಯನ್ನು ಅಲ್ಲೇ ವಿಸ್ತರಿಸಿಕೊಂಡವರು ದಸರೆಗೋ ಮನೆಯ ಮದುವೆಗೋ ಊರಿಗೆ ಬರುವ ಮುನ್ನ ರೀ-ಎಂಟ್ರಿ ಪರ್ಮಿಟ್ ತೆಗೆದುಕೊಳ್ಳಲೇಬೇಕು, ಮರೆತು ವಿಮಾನ ಹತ್ತಿದರೆ ಆ ವಿಸ್ತರಣೆ ಅಲ್ಲಿಗೇ ರದ್ದು. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಎರಡನೆಯದನ್ನೇ ತೆಗೆದುಕೊಳ್ಳಿ, ನಮ್ಮ ಕಡೆ ಕರೆ ಬಂದಾಗ ಹೊರಡದೆ ಇರಲಾಗುವುದಿಲ್ಲ.