ಮೂಕಿ ಚಿತ್ರ ನೋಡುವ ಬಗೆ: 1922ರ ‘ಲಾ ಫಾಮ್ ದ ನ್ಯುಲ್ ಪಾರ್’

ಲೂಯಿ ದೆಲ್ಯುಕ್‌ನ ಈ ಫ್ರೆಂಚ್ ಚಿತ್ರ ನೋಡುತ್ತಾ ಮೊದಲ ಸಲ ನಾನು ಅರ್ಧಕ್ಕೇ ನಿದ್ದೆ ಹೋಗಿದ್ದೆ. ತಪ್ಪು ನನ್ನದೇ. ಊಟ ಮುಗಿಸಿ, ಮಲಗಿಕೊಂಡು, ಫೋನಿನಲ್ಲಿ ನೋಡಿದ್ದೆ.

ಮೊದಲು ಕಥೆಯ ಎಳೆ ತಿಳಿದುಕೊಳ್ಳಿ. ಮೂಕಿ ಚಿತ್ರಕ್ಕೆ ಅದರಿಂದ ಏನೂ ನಷ್ಟವಿಲ್ಲ. ಎಷ್ಟೋ ವರ್ಷಗಳ ಹಿಂದೆ ಪ್ರಿಯಕರನ ಜೊತೆ ಮನೆ ಬಿಟ್ಟು ಹೋದವಳು ಅದೇ ಮನೆಗೆ ಬರುತ್ತಾಳೆ. ಈಗ ಅಲ್ಲಿರುವ ಚಿಕ್ಕ ವಯಸ್ಸಿನ ಹೆಂಡತಿಯೂ, ಗಂಡ ಊರಲ್ಲಿಲ್ಲದಾಗ, ಹಾಗೇ ಹೊರಡಲು ನೋಡುತ್ತಿದ್ದಾಳೆ. ಬಂದವಳು ತಡೆಯಬೇಕಾ, ಹೋಗು ಅನ್ನಬೇಕಾ? ಕೊನೆ ಮಾತ್ರ ನಾನು ಹೇಳಲ್ಲ.

ಪಾತ್ರಗಳು ಕೀಲಿಗೊಂಬೆಯ ಹಾಗೆ ಓಡುತ್ತಿದ್ದರೆ ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಮೂಕಿ ಕಾಲದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಿಂತ (ಬಿಡಿ ಚಿತ್ರಕ್ಕಿಂತ) ಕಡಿಮೆಗೇ ಚಿತ್ರೀಕರಿಸುವುದು ಸಾಮಾನ್ಯವಾಗಿತ್ತು; 24ರಲ್ಲಿ ಓಡಿಸಿದರೆ ಎಲ್ಲವೂ ಬೇಗ ಓಡುತ್ತದೆ. ಫ್ರೆಂಚ್ ಬರಹದ ಫಲಕ ಬಂದಾಗ ನಿಲ್ಲಿಸಿ, ಫೋನ್ ಕ್ಯಾಮೆರಾದಿಂದ ಅನುವಾದ ಮಾಡಿಕೊಳ್ಳಿ.

ಇನ್ನು ಮುಖ್ಯವಾದದ್ದು. ತುಟಿ ಓದಲು ಹೋಗಬೇಡಿ, ಸುಮ್ನೆ ಸುಸ್ತು. ಬಂದವಳಾಗಿ ನಟಿಸಿದ ಏವ್ ಫ್ರಾನ್ಸಿಸ್ ಹೇಗೆ ನಿಲ್ಲುತ್ತಾಳೆ, ಹೇಗೆ ನಡೆಯುತ್ತಾಳೆ ನೋಡಿ. ಅವಳು ದೆಲ್ಯುಕ್‌ನ ಹೆಂಡತಿ. ಹಳೆಯ ನೆನಪು, ಈಗಿನ ಕ್ಷಣ ಒಂದರೊಳಗೊಂದು ನುಗ್ಗುತ್ತವೆ. ಗೊಂದಲವಾದರೆ ಉಡುಪು ಗಮನಿಸಿ, ಯಾವ ಕಾಲ ಅಂತ ತಿಳಿಯುತ್ತದೆ.

ದೆಲ್ಯುಕ್ 1924ರಲ್ಲಿ, 33ರ ವಯಸ್ಸಿಗೇ ತೀರಿಕೊಂಡ. ಅವನ ಚಿತ್ರಗಳು ಬೆರಳೆಣಿಕೆಯಷ್ಟೇ. ಇದು ಹಿಡಿಸಿದರೆ ಮುಂದೆ 1921ರ ‘ಫಿಯೆವ್ರ್’ ಹಾಕಿ. ಅದು ಇಡೀ ಒಂದು ಬಂದರಿನ ಹೆಂಡದಂಗಡಿಯ ಕಥೆ. ನನಗಂತೂ ಅದೇ ಜಾಸ್ತಿ ಇಷ್ಟ.