ಮ್ಯಾಡ್ರಿಡ್‌ನಲ್ಲಿ ಸುಮಾರು 25 ಯೂರೋಗೆ ದಿನದ ಊಟ-ತಿಂಡಿ: ನನ್ನ ಅನುಭವ

ಮ್ಯಾಡ್ರಿಡ್‌ನಲ್ಲಿ ಮೂರು ಹೊತ್ತೂ ಹೊರಗಡೆ ತಿಂದು ಖರ್ಚು ಹಿಡಿತದಲ್ಲಿಡಬೇಕಾದರೆ ಮೊದಲು ಊಟದ ಹೊತ್ತನ್ನು ಬದಲಿಸಿಕೊಳ್ಳಬೇಕು. ದಿನದ ದೊಡ್ಡ ಊಟ ಮಧ್ಯಾಹ್ನ ಎರಡು ಗಂಟೆಗೆ, ರಾತ್ರಿಗೆ ಬರೀ ಚಿಲ್ಲರೆ ತಿನಿಸು. ಮಧ್ಯಾಹ್ನ 13ರಿಂದ 16 ಯೂರೋಗೆ ಎರಡು ಬಗೆ ಅಡುಗೆ, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಎಲ್ಲ ಕೊಡುವ ಹೋಟೆಲಿನಲ್ಲೇ ರಾತ್ರಿ ಅವನ್ನೇ ಬಿಡಿಬಿಡಿಯಾಗಿ ತರಿಸಿಕೊಂಡರೆ ಬಿಲ್ಲು ಸುಲಭವಾಗಿ 30 ದಾಟುತ್ತದೆ.

ಈ ಮಧ್ಯಾಹ್ನದ ಊಟಕ್ಕೆ ‘ಮೆನು ದೆಲ್ ದಿಯಾ’ ಅನ್ನುತ್ತಾರೆ. 1960ರ ದಶಕದಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಪ್ರವಾಸಿಗರಿಗೆಂದು ನಿಗದಿತ ದರದ ಊಟ ಇಡಲೇಬೇಕು ಎಂದು ಹೋಟೆಲುಗಳಿಗೆ ಕಡ್ಡಾಯ ಮಾಡಿತ್ತು. ಅದೇ ಬೆಳೆದು ಈಗ ಆಫೀಸಿನವರ, ಕಟ್ಟಡ ಕೆಲಸದವರ ದಿನದ ಊಟವಾಗಿದೆ. ಹಾಗಾಗಿ ಇದನ್ನು ಹುಡುಕಬೇಕಾದ್ದು ಪ್ರವಾಸಿಗರು ಸುತ್ತುವ ಸೋಲ್, ಪ್ಲಾಜಾ ಮಯೋರ್ ಕಡೆ ಅಲ್ಲ. ಮೆಟ್ರೋ ಹತ್ತಿ ಕ್ವಾತ್ರೊ ಕಮಿನೋಸ್, ತೆತುವಾನ್, ಅರ್ಗಾನ್ಸ್ವೆಲಾ, ವಯೇಕಾಸ್ ಕಡೆ ಹೋದರೆ ದರವೂ ಇಳಿಯುತ್ತದೆ, ತಟ್ಟೆಯೂ ತುಂಬುತ್ತದೆ.

ಬಾಗಿಲಲ್ಲಿ ನಾನು ನೋಡುವುದು ಬೋರ್ಡು. ಸೀಮೆಸುಣ್ಣದಲ್ಲೋ ಕೈಬರಹದ ಜೆರಾಕ್ಸ್ ಹಾಳೆಯಲ್ಲೋ ಅಂದಿನ ಅಡುಗೆ ಬರೆದಿದ್ದರೆ, ಸ್ಪ್ಯಾನಿಶ್ ಬಿಟ್ಟು ಬೇರೆ ಭಾಷೆ ಇಲ್ಲದಿದ್ದರೆ, ಒಳಗೆ ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟ ಕೆಲಸಗಾರರು ಕೂತಿದ್ದರೆ ಧೈರ್ಯವಾಗಿ ಹೋಗಬಹುದು. ಪಯೇಯಾ ಅನ್ನುವ ಅನ್ನದ ಅಡುಗೆಯ ಎಂಟು ಬಗೆಯ ಬಣ್ಣದ ಫೋಟೋ ಹಾಕಿದ ಬೋರ್ಡು ಕಂಡರೆ ಮುಂದೆ ನಡೆಯಿರಿ, ಅಲ್ಲಿ ಸಿಗುವುದು ಸಾಮಾನ್ಯವಾಗಿ ಫ್ರೀಜರಿನಿಂದ ತೆಗೆದು ಬಿಸಿ ಮಾಡಿದ ಅನ್ನ. ಪಯೇಯಾ ತಿನ್ನಲೇಬೇಕೆಂದಿದ್ದರೆ ಗುರುವಾರ ಕಾಯುವುದು ಮೇಲು: ಆ ದಿನ ಮಧ್ಯಾಹ್ನದ ಊಟಕ್ಕೆ ಪಯೇಯಾ ಮಾಡುವುದು ಅಲ್ಲಿನ ಬಹಳಷ್ಟು ಹೋಟೆಲುಗಳ ಹಳೆಯ ರೂಢಿ.

ಕೂತ ಮೇಲೆ ಆರ್ಡರು ಹೇಳುವ ಕ್ರಮ ಹೀಗಿದೆ. ‘ಪ್ರಿಮೆರೊ’ (ಮೊದಲನೆಯದು) ಪಟ್ಟಿಯಿಂದ ಒಂದು: ಸೂಪು, ಸಲಾಡು, ಬೇಳೆಕಾಳು, ಪಾಸ್ತಾ, ಅನ್ನದ ಬಗೆ. ‘ಸೆಗುಂದೊ’ (ಎರಡನೆಯದು) ಪಟ್ಟಿಯಿಂದ ಒಂದು: ಹೆಚ್ಚಾಗಿ ಮೀನು, ಕೋಳಿ ಅಥವಾ ಹಂದಿ. ಬ್ರೆಡ್ಡು ಜೊತೆಗೇ ಬರುತ್ತದೆ. ಕುಡಿಯಲು ನೀರು, ವೈನು, ಬಿಯರು, ಸೋಡಾದಂಥ ಪಾನೀಯ ಇವುಗಳಲ್ಲಿ ಒಂದು ಮಾತ್ರ. ಎರಡನೆಯ ಗ್ಲಾಸಿಗೆ ಬೇರೆ ದುಡ್ಡು. ಕೊನೆಯಲ್ಲಿ ‘ಪೋಸ್ತ್ರೆ ಓ ಕಫೆ’ ಅಂತ ಬರೆದಿದ್ದರೆ ಸಿಹಿ ಅಥವಾ ಕಾಫಿ, ಎರಡೂ ಅಲ್ಲ. ಎರಡನ್ನೂ ತಗೊಂಡರೆ ಒಂದೂವರೆ ಯೂರೋ ಮೇಲೆ ಬೀಳುತ್ತದೆ, ಮತ್ತು ಹೊಸಬರ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಸಿಹಿಯಲ್ಲಿ ‘ಅರೋಸ್ ಕೋನ್ ಲೆಚೆ’ ಇದ್ದರೆ ಬಿಡಬೇಡಿ. ಏಲಕ್ಕಿಯ ಬದಲು ದಾಲ್ಚಿನ್ನಿ, ನಿಂಬೆ ಸಿಪ್ಪೆ ಹಾಕಿ ಕುದಿಸಿ, ತಣ್ಣಗೆ ಕೊಡುವ ನಮ್ಮ ಅಕ್ಕಿ ಪಾಯಸವೇ ಅದು.

ಹೋಗುವ ಹೊತ್ತೂ ಮುಖ್ಯ. ಅಡುಗೆಮನೆ ಒಂದೂವರೆ ಸುಮಾರಿಗೆ ತೆರೆದು ನಾಲ್ಕರ ಹೊತ್ತಿಗೆ ಮುಚ್ಚುತ್ತದೆ. ಎರಡೂಕಾಲರಿಂದ ಮೂರರವರೆಗೆ ಜಾಗ ಸಿಗುವುದಿಲ್ಲ, ಮೂರೂವರೆಗೆ ಹೋದರೆ ಬೋರ್ಡಿನಲ್ಲಿ ಅರ್ಧ ಅಡುಗೆ ಅಳಿಸಿರುತ್ತಾರೆ. ಒಂದೂವರೆ ಕಳೆದ ತಕ್ಷಣ ಹೋಗುವುದೇ ಸರಿ. ನಾಲ್ಕೂವರೆಯಿಂದ ರಾತ್ರಿ ಎಂಟೂವರೆವರೆಗೆ ಬಿಸಿ ಊಟ ಕೊಡುವವರು ಪ್ರವಾಸಿಗರ ಬೀದಿಯವರು, ಅವರ ದರವೂ ಅದಕ್ಕೆ ತಕ್ಕಂತೆ.

ಸಸ್ಯಾಹಾರಿಗಳಿಗೆ ಇಲ್ಲಿ ಕಡಿಮೆ ಖರ್ಚಿನ ಊಟ ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ‘ನೋ ಕೋಮೊ ಕಾರ್ನೆ’ (ಮಾಂಸ ತಿನ್ನುವುದಿಲ್ಲ) ಅಂದರೆ ಸಾಲದು. ಹಮೋನ್ ಅನ್ನುವ ಹಂದಿ ಮಾಂಸದ ಚೂರನ್ನೂ ಟ್ಯೂನಾ ಮೀನನ್ನೂ ಬಹಳ ಜನ ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ನಿ ಹಮೋನ್, ನಿ ಪೆಸ್ಕಾದೊ, ನಿ ಅತೂನ್’ (ಹಮೋನ್ ಬೇಡ, ಮೀನು ಬೇಡ, ಟ್ಯೂನಾ ಬೇಡ) ಅಂತ ಒಂದೊಂದನ್ನೂ ಹೆಸರಿಟ್ಟು ಬಿಡಿಸಿ ಹೇಳಬೇಕು. ಹುರುಳಿಕಾಯಿ ಪಲ್ಯದಂಥ ‘ಹುದಿಯಾಸ್ ವೆರ್ದೆಸ್’ ಹಮೋನ್ ಹಾಕಿಯೇ ಬರುತ್ತದೆ. ‘ಎನ್ಸಲಾದಾ ಮಿಕ್ಸ್ತಾ’ ಸಲಾಡಿನ ಮೇಲೆ ಟ್ಯೂನಾ. ‘ಸ್ಯಾಂಡ್ವಿಚ್ ವೆಜಿತಾಲ್’ ಹೆಸರಿಗೆ ತರಕಾರಿಯದು, ಒಳಗೆ ಮೊಟ್ಟೆ, ಮಯೋನೈಸು, ಬಹುತೇಕ ಟ್ಯೂನಾ. ಲೆಂತೇಹಾಸ್, ಅಂದರೆ ಮಸೂರದ ಸಾರು, ಚೊರೀಸೊ ಸಾಸೇಜಿನ ಜೊತೆ ಬೆಂದಿರುತ್ತದೆ. ತುಂಡು ತೆಗೆದು ಕೊಟ್ಟರೂ ಕೊಬ್ಬು ಸಾರಿನಲ್ಲೇ ಇರುತ್ತದೆ. ಸೂಪಿನ, ಆಲೂಗಡ್ಡೆಯ ಮೇಲೆ ಹಾಕುವ ‘ಬ್ರಾವಾಸ್’ ಖಾರದ ಸಾಸಿನ ಬುಡದಲ್ಲಿ ಮಾಂಸದ ಕಟ್ಟು ಇರಬಹುದು. ಕಟ್ಟುನಿಟ್ಟಾಗಿ ತಿನ್ನುವವರು ‘ಕೋನ್ ಕಾಲ್ದೊ ದೆ ಕಾರ್ನೆ?’ ಅಂತ ಕೇಳಿಬಿಡಬೇಕು.

ಹಾಗಾದರೆ ಉಳಿಯುವುದೇನು? ಗಾಸ್ಪಾಚೊ (ಬೇಸಿಗೆಯ ತಣ್ಣನೆ ಟೊಮೆಟೊ ಸೂಪು), ಪಿಸ್ತೊ (ಬದನೆ, ದಪ್ಪ ಮೆಣಸಿನಕಾಯಿ, ಟೊಮೆಟೊ ಬೇಯಿಸಿದ ಗೊಜ್ಜು), ಕ್ರೆಮಾ ದೆ ವೆರ್ದುರಾಸ್ (ತರಕಾರಿ ಅರೆದು ಮಾಡಿದ ಸೂಪು), ಪಾದ್ರೋನ್ ಮೆಣಸಿನಕಾಯಿ ಹುರಿದದ್ದು. ಮೊಟ್ಟೆ ತಿನ್ನುವವರಿಗೆ ತೋರ್ತಿಯಾ ಅನ್ನುವ ಆಲೂಗಡ್ಡೆಯ ಆಮ್ಲೆಟ್ಟು, ಮತ್ತು ‘ಅರೋಸ್ ಆ ಲಾ ಕುಬಾನಾ’ ಅಂದರೆ ಅನ್ನ, ಟೊಮೆಟೊ ಸಾಸು, ಹುರಿದ ಮೊಟ್ಟೆ. ಸಾಲ್ಮೊರೇಹೊ (ಗಾಸ್ಪಾಚೊಗಿಂತ ಗಟ್ಟಿಯಾದ ತಣ್ಣನೆ ಟೊಮೆಟೊ ಸೂಪು) ತಗೊಂಡರೆ ಮೇಲೆ ಉದುರಿಸುವ ಹಮೋನ್ ಬೇಡ ಅನ್ನಿ. ಇವೆಲ್ಲ ಸಾಮಾನ್ಯವಾಗಿ ಇರುವುದು ಮೊದಲ ಪಟ್ಟಿಯಲ್ಲಿ, ಸೆಗುಂದೊದಲ್ಲಿ ನಮಗೆ ಏನೂ ಇರುವುದಿಲ್ಲ. ಆದ್ದರಿಂದ ‘ಪ್ವೆದೊ ಪೆದಿರ್ ದೋಸ್ ಪ್ರಿಮೆರೋಸ್?’ ಅಂತ ಕೇಳುವುದು: ಮೊದಲ ಪಟ್ಟಿಯಿಂದಲೇ ಎರಡು ಕೊಡುತ್ತೀರಾ? ಬಹಳ ಕಡೆ ಅದೇ ದರಕ್ಕೆ ಒಪ್ಪುತ್ತಾರೆ. ಹೋಟೆಲಿನವರಿಗೂ ನಷ್ಟವಿಲ್ಲ, ಪ್ರಿಮೆರೊದ ಖರ್ಚು ಸೆಗುಂದೊಗಿಂತ ಕಡಿಮೆ.

ಅನ್ನ-ಬೇಳೆ ಬೇಕೇ ಬೇಕು ಅನ್ನಿಸಿದ ದಿನ ಲವಪಿಯೇಸ್ ಬಡಾವಣೆ ಇದೆ. ಅಲ್ಲಿನ ‘ಇಂಡಿಯನ್’ ಹೋಟೆಲುಗಳನ್ನು ನಡೆಸುವವರಲ್ಲಿ ಹೆಚ್ಚಿನವರು ಬಾಂಗ್ಲಾದೇಶದವರು. ನಮ್ಮ ಊಟದ ರುಚಿ ಬಾರದಿದ್ದರೂ ‘ವೆಜಿಟೇರಿಯನ್’ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಖಾರ ಬೇಕಾದರೆ ಒತ್ತಿ ಹೇಳಿ, ಇಲ್ಲವಾದರೆ ಅಲ್ಲಿನವರ ನಾಲಿಗೆಗೆ ಹದ ಮಾಡಿದ್ದೇ ಬರುತ್ತದೆ.

ಬೆಳಗಿನ ತಿಂಡಿ ಹಗುರ, ಖರ್ಚೂ ಹಗುರ. ‘ಕಫೆ ಕೋನ್ ಲೆಚೆ’ (ಹಾಲು ಹಾಕಿದ ಕಾಫಿ) ಜೊತೆ ‘ತೊಸ್ತಾದಾ ಕೋನ್ ತೊಮಾತೆ’ (ಟೊಮೆಟೊ ಹಚ್ಚಿದ ಸುಟ್ಟ ಬ್ರೆಡ್ಡು), ಎರಡೂ ಸೇರಿ 3ರಿಂದ 4 ಯೂರೋ. ಉದ್ದ ಬ್ರೆಡ್ಡನ್ನು ಸೀಳಿ ಕಾದ ಕಬ್ಬಿಣದ ಹಲಗೆಯ ಮೇಲೆ ಒತ್ತಿ ಸುಡುತ್ತಾರೆ, ತುರಿದ ಹಸಿ ಟೊಮೆಟೊ ಪಕ್ಕದಲ್ಲಿ ಕೊಡುತ್ತಾರೆ. ಮೊದಲು ಎಣ್ಣೆ, ಮೇಲೆ ಟೊಮೆಟೊ, ಕೊನೆಗೆ ಉಪ್ಪು, ಈ ಕ್ರಮದಲ್ಲಿ ಹಾಕಿದರೆ ಬ್ರೆಡ್ಡು ಬೇಗ ಮೆತ್ತಗಾಗುವುದಿಲ್ಲ. ಈ ಜೋಡಿ ದರ ಬಹಳ ಕಡೆ ಹನ್ನೆರಡು ಗಂಟೆವರೆಗೆ ಮಾತ್ರ.

ರಾತ್ರಿಗೆ ಬಾರು. ಮ್ಯಾಡ್ರಿಡ್‌ನಲ್ಲಿ ಪಾನೀಯ ತಗೊಂಡರೆ ಪುಕ್ಕಟೆ ತಾಪಾ (ಚಿಕ್ಕ ತಿನಿಸು) ಕೊಡುವ ರೂಢಿ ಇನ್ನೂ ಉಳಿದಿದೆ (ಬಾರ್ಸಿಲೋನಾದಲ್ಲಿ ಇದನ್ನು ನಿರೀಕ್ಷಿಸಬೇಡಿ). ‘ಕಾನ್ಯಾ’ ಅಂದರೆ ಸುಮಾರು 200 ಮಿಲಿ ಬಿಯರು, 2ರಿಂದ 3 ಯೂರೋ. ಕುಡಿಯದವರು ‘ಮೊಸ್ತೊ’ ಅನ್ನುವ ದ್ರಾಕ್ಷಿ ರಸ ಕೇಳಿದರೂ ತಾಪಾ ಬರುತ್ತದೆ, ಕಾಫಿಗೆ ಬರುವುದಿಲ್ಲ. ಯಾವ ತಾಪಾ ಅನ್ನುವುದು ಬಾರಿನವರ ಇಷ್ಟ, ಆದ್ದರಿಂದ ಮಾಂಸ ಬೇಡ ಅನ್ನುವುದನ್ನು ಪಾನೀಯ ಹೇಳುವಾಗಲೇ ಹೇಳಬೇಕು. ಆಗ ಆಲಿವ್ ಕಾಯಿಯೋ ಚಿಪ್ಸೋ ಬರುತ್ತದೆ. ಎರಡು ಪಾನೀಯ, ಜೊತೆಗೆ ಒಂದು ತುಂಡು ತೋರ್ತಿಯಾ, 8 ಯೂರೋಗೆ ರಾತ್ರಿಯ ಊಟ ಮುಗಿಯಿತು. ಮೀನು ತಿನ್ನುವವರಿಗೆ ಪ್ಲಾಜಾ ಮಯೋರ್ ಪಕ್ಕದ ಗಲ್ಲಿಗಳಲ್ಲಿ ಕರಿದ ಕಲಮಾರಿ (ಸ್ಕ್ವಿಡ್) ತುಂಬಿದ ಬೊಕಾದಿಯೊ, ಅಂದರೆ ಉದ್ದ ಬ್ರೆಡ್ಡಿನ ಸ್ಯಾಂಡ್ವಿಚ್, ಇದೆ. ಸೋಲ್ ಹತ್ತಿರ 1860ರಿಂದ ನಡೆಯುತ್ತಿರುವ ಕಾಸಾ ಲಾಬ್ರಾದಲ್ಲಿ ಕರಿದ ಕಾಡ್ ಮೀನನ್ನು ನಿಂತೇ ತಿನ್ನಬಹುದು. 1879ರಲ್ಲಿ ಸ್ಪೇನಿನ ಸಮಾಜವಾದಿ ಪಕ್ಷ ಹುಟ್ಟಿದ್ದು ಇಲ್ಲೇ. ‘ರಸಿಯೋನ್’, ಅಂದರೆ ಪೂರ್ತಿ ತಟ್ಟೆ, ಇಬ್ಬರು ಮೂವರಿಗೆ ಆಗುವಷ್ಟು, ಒಬ್ಬರೇ ಇದ್ದರೆ ‘ಮೇದಿಯಾ’ (ಅರ್ಧ) ಕೇಳಿ.

ನಿಂತು ತಿನ್ನುವುದಕ್ಕೂ ಹೊರಗಿನ ಟೆರೇಸಿನಲ್ಲಿ ಕೂತು ತಿನ್ನುವುದಕ್ಕೂ ದರ ಬೇರೆ ಇರಬಹುದು. ಬೋರ್ಡಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಸುಪ್ಲೆಮೆಂತೊ ತೆರ್ರಾಸಾ’ (ಟೆರೇಸಿಗೆ ಹೆಚ್ಚುವರಿ ದರ) ಇದೆಯಾ ನೋಡಿ. ಮೆನು ದೆಲ್ ದಿಯಾ ಅಲ್ಲದೆ ಬಿಡಿಯಾಗಿ ತರಿಸಿದರೆ ಬ್ರೆಡ್ಡಿಗೂ ದುಡ್ಡು ಹಾಕುತ್ತಾರೆ, ಬೇಡವಾದರೆ ಬಂದ ಕೂಡಲೇ ವಾಪಸ್ಸು ಕಳಿಸಿ. ನೀರಿಗೆಂದು ಬಾಟಲಿ ಕೊಳ್ಳಬೇಕಾಗಿಲ್ಲ: 2022ರ ಕಾನೂನಿನ ಪ್ರಕಾರ ಹೋಟೆಲು, ಬಾರುಗಳು ಕೇಳಿದವರಿಗೆ ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕು. ‘ಉನಾ ಹಾರ್ರಾ ದೆ ಆಗ್ವಾ ದೆಲ್ ಗ್ರಿಫೊ’ ಅಂದರೆ ಜಗ್ಗಿನಲ್ಲಿ ತರುತ್ತಾರೆ. ಗ್ವಾದರ್ರಾಮಾ ಬೆಟ್ಟದ ಕಡೆಯಿಂದ ಬರುವ ನೀರು, ರುಚಿಯೂ ಚೆನ್ನ. ಟಿಪ್ಸು ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟು ಬಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಬಿಲ್ಲಿನಲ್ಲಿ ಬೋರ್ಡಿಗಿಂತ ಹೆಚ್ಚು ಹಾಕಿದ್ದರೆ ‘ಓಹಾ ದೆ ರೆಕ್ಲಮಸಿಯೋನೆಸ್’, ಅಂದರೆ ದೂರಿನ ಹಾಳೆ ಕೇಳಿ. ಅದನ್ನು ಇಟ್ಟಿರುವುದು ಕಡ್ಡಾಯ, ಕೇಳಿದ ಮೇಲೆ ಲೆಕ್ಕ ಸರಿಯಾಗುವುದೇ ಹೆಚ್ಚು.

ಈ ಲೆಕ್ಕ ಸೋಮವಾರದಿಂದ ಶುಕ್ರವಾರದವರೆಗೆ ನಿಲ್ಲುತ್ತದೆ. ಶನಿವಾರ, ಭಾನುವಾರ ಮೆನು ದೆಲ್ ದಿಯಾ ಇರುವುದಿಲ್ಲ, ಇದ್ದರೂ ಹಲವು ಯೂರೋ ಹೆಚ್ಚು. ಆ ದಿನಗಳಿಗೆ ಮೆರ್ಕಾದೋನಾ ಸೂಪರ್‌ಮಾರ್ಕೆಟ್ಟಿನ ‘ಲಿಸ್ತೊ ಪಾರಾ ಕೊಮೆರ್’ ಕೌಂಟರು, ಅಂದರೆ ಬಿಸಿ ಅಡುಗೆಯ ವಿಭಾಗ, ನೋಡಿ. ಭಾನುವಾರ ಬಹಳಷ್ಟು ಶಾಖೆಗಳು ಮುಚ್ಚಿರುತ್ತವೆ, ಶನಿವಾರವೇ ಕಟ್ಟಿಸಿಕೊಳ್ಳಿ. ಅಥವಾ ಲವಪಿಯೇಸ್‌ನ ಸಾನ್ ಫೆರ್ನಾಂದೊ ಮಾರುಕಟ್ಟೆಯ ಅಂಗಡಿಗಳಲ್ಲಿ ತಿನ್ನಿ. ಸಾನ್ ಮಿಗೆಲ್ ಮಾರುಕಟ್ಟೆಯನ್ನು ಕಣ್ಣು ತುಂಬಾ ನೋಡಿ ಹೊರಬನ್ನಿ, ಅಲ್ಲಿ ಒಂದೊಂದು ತುತ್ತಿಗೂ ಪ್ರವಾಸಿಗರ ದರ. ಆಗಸ್ಟಿನಲ್ಲಿ ಹೋಗುವವರು ಗುರುತು ಮಾಡಿಕೊಂಡ ಹೋಟೆಲಿನ ಜೊತೆ ಇನ್ನೆರಡು ಹೆಸರು ಇಟ್ಟುಕೊಂಡಿರಿ. ಬಡಾವಣೆಯ ಕುಟುಂಬದ ಹೋಟೆಲುಗಳು ಆ ತಿಂಗಳು ‘ಸೆರ್ರಾದೊ ಪೋರ್ ವಕಸಿಯೋನೆಸ್’ ಅಂತ ಚೀಟಿ ಅಂಟಿಸಿ ರಜೆಗೆ ಹೋಗಿರುತ್ತವೆ.